ಬೂದಿದಿಬ್ಬದ ಮಣ್ಣು ತೊಳೆದು ಕಂಡಿದ್ದು

ಉತ್ತರ ಕರ್ನಾಟಕದ ನವಶಿಲಾಯುಗದ ಜಾಗಗಳಲ್ಲಿ ಉತ್ಖನನ ನಡೆದಾಗ ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದುದು ಮಣ್ಣು ತೊಳೆಯುವ ಕೆಲಸ.

ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಹೊಲಗಳ ನಡುವೆ ಆ ಕಾಲದ ಬೂದಿದಿಬ್ಬಗಳಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅಂತ ನಂಬುತ್ತಾರೆ. ಈ ದಿಬ್ಬಗಳು ಸಗಣಿ ಸುಟ್ಟು ಆದವು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಗುರುತಿಸಿದ್ದರು. 1957ರಲ್ಲಿ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತು, ಬೇಲಿಗೂಟದ ಕುಳಿ ಸಿಕ್ಕವು. ಅದು ದನದ ದೊಡ್ಡಿ ಅನ್ನೋದು ಗಟ್ಟಿಯಾಯಿತು. ಸರಿ, ಆ ದನ ಕಾಯ್ದವರು ಏನು ಉಣ್ಣುತ್ತಿದ್ದರು? ಅದಕ್ಕೆ ಕಾಳು ಹುಡುಕಬೇಕು.

ಒಂದೊಂದು ಪದರದ ಮಣ್ಣನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ ಚೀಟಿ ಹಾಕುತ್ತೇವೆ. ಚೀಟಿ ಹೋದರೆ ಆ ಚೀಲದಲ್ಲಿರೋದು ಸುಮ್ನೆ ಮಣ್ಣು. ಬಕೆಟ್ ನೀರಿಗೆ ಸುರಿದು ಕೈಯಿಂದ ಮೆಲ್ಲಗೆ ಕದಡಬೇಕು. ಮಣ್ಣು ತಳಕ್ಕಿಳಿಯುತ್ತದೆ. ಸುಟ್ಟ ಕಾಳು, ಇದ್ದಿಲ ಚೂರು ತೇಲುತ್ತವೆ. ಅವನ್ನು ತೀರಾ ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಿ ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಕಾಳು ಬಿರಿಯುತ್ತದೆ. ಸುಡದೆ ಉಳಿದ ಕಾಳು ಇಷ್ಟು ಸಾವಿರ ವರ್ಷ ಬಾಳೋದಿಲ್ಲ. ಹಾಗಾಗಿ ಹಸಿಯಾಗಿ ತಿಂದ ಸೊಪ್ಪು, ಹಣ್ಣು ನಮ್ಮ ಜರಡಿಗೆ ಸಿಗುವುದು ಕಷ್ಟ. ಕಾಳು ನೋಡಿ ಅವರ ಊಟ ಹೇಳುವಾಗ ನಾನು ಇದನ್ನು ಮರೆಯುವುದಿಲ್ಲ.

ಮೈಕ್ರೋಸ್ಕೋಪಿನಡಿ ಹುರುಳಿ, ಹೆಸರು, ಕೊರಲೆ ಅನ್ನೋ ಸಿರಿಧಾನ್ಯ ಮತ್ತೆ ಮತ್ತೆ ಬಂದವು. ಎಲ್ಲವೂ ಮಳೆ ನಂಬಿ ಬೆಳೆಯುವಂಥವು. ಗೋಧಿ, ಬಾರ್ಲಿ ವಾಯವ್ಯದಿಂದ ಬಂದ ಬೆಳೆಗಳು, ಇಲ್ಲಿ ಕಡಿಮೆ. ಅಂದರೆ ಈ ಒಣನೆಲದ ಬೇಸಾಯದ ಬುಡ ಇಲ್ಲಿಯದೇ. ಕೊರಲೆಯ ಕಪ್ಪು ಕಾಳು ಮೊದಲ ಸಲ ಕಂಡಾಗ ಆದ ಖುಷಿ ನನಗಿನ್ನೂ ನೆನಪಿದೆ.

ಕಾಲ ಗೊತ್ತುಮಾಡಲು ರೇಡಿಯೋಕಾರ್ಬನ್ ಪರೀಕ್ಷೆಗೆ ಕಳಿಸುವಾಗಲೂ ನಾನು ಇದ್ದಿಲಿಗಿಂತ ಕಾಳನ್ನೇ ಆರಿಸುತ್ತೇನೆ. ದೊಡ್ಡ ಮರದ ತಿರುಳಿನ ಇದ್ದಿಲು, ಅದನ್ನು ಉರಿಸಿದ ಕಾಲಕ್ಕಿಂತ ಎಷ್ಟೋ ಹಿಂದಿನ ಲೆಕ್ಕ ಕೊಡಬಹುದು. ಕಾಳು ಒಂದೇ ವರ್ಷದ ಬೆಳೆ, ಅಲ್ವಾ?

ಎಷ್ಟೋ ದಿಬ್ಬಗಳ ಬೂದಿ ಗೊಬ್ಬರಕ್ಕೆ, ರಸ್ತೆಗೆ ಅಂತ ಹೋಗಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಹಾಗೆ ಕಡಿದು ಬಿಟ್ಟ ಗೋಡೆಯಲ್ಲಿ ಪದರಗಳು ಚೆನ್ನಾಗಿ ಕಾಣುತ್ತವೆ. ಅನುಮತಿಯೂ ಹೊಲದವರ ಒಪ್ಪಿಗೆಯೂ ಸಿಕ್ಕ ಕೂಡಲೇ ಅದನ್ನು ಕೆರೆದು, ಪದರ ಬರೆದುಕೊಂಡು, ಮಣ್ಣು ತುಂಬಿಸಿಕೊಳ್ಳುತ್ತೇವೆ. ಮುಂದಿನ ಮಳೆಗೆ ಗೋಡೆ ಕುಸಿಯುವುದರೊಳಗೆ ಈ ಕೆಲಸ ಮುಗಿಯಬೇಕು.