ಕಾಟಾ ರೂಮಿನಲ್ಲಿ ಕಲಿತ ಚೆಸ್

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ನನಗೆ ಕಾಟಾ ನೋಡುವ ಕೆಲಸ. ಭತ್ತದ ಲಾರಿ ತೂಕ ಮಾಡಿ ಚೀಟಿ ಬರೆದುಕೊಡಬೇಕು. ಸುಗ್ಗಿಯಲ್ಲಿ ತಲೆ ಎತ್ತಲೂ ಆಗುವುದಿಲ್ಲ. ಉಳಿದ ದಿನ ರಾತ್ರಿ ಪಾಳಿಯಲ್ಲಿ ಒಂದು ಲಾರಿ ಹೋಗಿ ಇನ್ನೊಂದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲೇ ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ಆಡಲು ಶುರು ಮಾಡಿದೆ. ಅಲ್ಲಿ ದುಡ್ಡು ಕೇಳುವುದಿಲ್ಲ, ಜಾಹೀರಾತೂ ಇಲ್ಲ. ಫೋನು, ನೆಟ್ ಇದ್ದರೆ ಸಾಕು.

ಅಲ್ಲಿ ಹೊಸಬರಿಗೆಲ್ಲ 1500 ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕ, ಕೊಟ್ಟು ಆಟ ಶುರು ಮಾಡಿಸುತ್ತಾರೆ. ನಾನು ಒಂದು ತಿಂಗಳಲ್ಲಿ 1250ಕ್ಕೆ ಇಳಿದೆ. ಎರಡು ವರ್ಷ ಅಲ್ಲೇ ಇದ್ದೆ. ಆಡುತ್ತಿದ್ದದ್ದು ಬರೀ ಮೂರು ನಿಮಿಷದ ಆಟ. ಸೋತರೆ ಇನ್ನೊಂದು, ಮತ್ತೆ ಸೋತರೆ ಮತ್ತೊಂದು. ಬೆಳಗ್ಗೆ ಮನೆಗೆ ಹೋಗುವಾಗ ಒಂದು ಆಟವೂ ನೆನಪಿರುತ್ತಿರಲಿಲ್ಲ.

ಬದಲಾದದ್ದು ಒಂದು ಸೋಲಿನಿಂದಲ್ಲ, ಒಂದು ಡ್ರಾದಿಂದ. ಬೋರ್ಡಿನ ಮೇಲೆ ನನ್ನ ರಾಜ ಇ4 ಮನೆಯಲ್ಲಿ (ಅಕ್ಷರ ನಿಲುವಿನ ಸಾಲಿಗೆ, ಅಂಕಿ ಅಡ್ಡ ಸಾಲಿಗೆ), ಒಂದೇ ಒಂದು ಸಿಪಾಯಿ ಇ2ರಲ್ಲಿ. ಎದುರಾಳಿಯ ಹತ್ತಿರ ಬರೀ ರಾಜ, ಇ7ರಲ್ಲಿ. ಸರದಿ ನನ್ನದು. ಗೆದ್ದೇ ಬಿಟ್ಟೆ ಅಂತ ಸಿಪಾಯಿಯನ್ನು ಇ3ಕ್ಕೆ ತಳ್ಳಿದೆ. ಅವನ ರಾಜ ಇ6ಕ್ಕೆ ಬಂದು ನನ್ನ ರಾಜನ ಎದುರಿಗೆ ನಿಂತ. ನಾನು ಎಡಕ್ಕೆ ಹೋದರೆ ಅವನೂ ಆ ಕಡೆ, ಬಲಕ್ಕೆ ಹೋದರೆ ಈ ಕಡೆ. ದಾರಿ ಬಿಡಲೇ ಇಲ್ಲ. ಆಟ ಡ್ರಾ.

ಆ ರಾತ್ರಿ ಲಾರಿ ಬರಲಿಲ್ಲ. ಚೀಟಿ ಪುಸ್ತಕದ ಹಿಂದೆ ಮನೆಗಳನ್ನು ಗೀಚಿ ನೋಡುತ್ತಾ ಕುಳಿತೆ. ಬೆಳಗಿನ ಜಾವ ಹೊಳೆಯಿತು: ನಡೆಸಬೇಕಿದ್ದದ್ದು ಸಿಪಾಯಿಯನ್ನಲ್ಲ, ರಾಜನನ್ನು. ರಾಜ ಇ5ಕ್ಕೆ ಹೋಗಿದ್ದರೆ ಇಬ್ಬರು ರಾಜರ ನಡುವೆ ಒಂದೇ ಮನೆ ಉಳಿದು, ಸರದಿ ಅವನದಾಗುತ್ತಿತ್ತು. ಅವನೇ ಪಕ್ಕಕ್ಕೆ ಸರಿಯಬೇಕಿತ್ತು. ಸರಿದ ಕೂಡಲೇ ನಾನು ಇನ್ನೊಂದು ಕಡೆಯಿಂದ ಮುಂದೆ ನುಗ್ಗಬಹುದಿತ್ತು. ಇದಕ್ಕೆ ಅಪೋಸಿಷನ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಆದರೆ ಹೆಸರು ಗೊತ್ತಾಗುವ ಮೊದಲೇ ಅದು ನನ್ನದಾಗಿತ್ತು. ಇವತ್ತಿಗೂ ಮರೆತಿಲ್ಲ.

ಅವತ್ತಿನಿಂದ ಮೂರು ನಿಮಿಷದ ಆಟ ನಿಲ್ಲಿಸಿದೆ. ದಿನಕ್ಕೆ ಒಂದೇ ಆಟ. ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡು ಜಾಸ್ತಿ ಸಿಗುವ ಆಟ. ಸೋತರೆ ಇನ್ನೊಂದು ಆಡುವುದಿಲ್ಲ. ಅದೇ ಆಟವನ್ನು ಮೊದಲಿನಿಂದ ನೋಡಿ, ಎಲ್ಲಿ ಕೆಟ್ಟಿತು ಅಂತ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಸ್ಟಾಕ್‌ಫಿಶ್ ಅನ್ನುವ ಚೆಸ್ ಪ್ರೋಗ್ರಾಂ ಹಚ್ಚುವುದು ಆಮೇಲೆ. ಈ ಕ್ರಮ ತಪ್ಪಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಮೊದಲೇ ಅದನ್ನು ಕೇಳಿದರೆ ಸರಿ ನಡೆ ಯಾವುದು ಅಂತ ತೋರಿಸುತ್ತದೆ, ನಾನು ಯಾಕೆ ತಪ್ಪಿದೆ ಅಂತ ಹೇಳುವುದಿಲ್ಲ. ಅದು ನನಗೆ ಮಾತ್ರ ಗೊತ್ತಿರುವ ವಿಷಯ, ಅಲ್ವಾ?

ಎರಡು ತಿಂಗಳಾದ ಮೇಲೆ ನೋಟ್‌ಬುಕ್ ತಿರುವಿ ಹಾಕಿದೆ. ಓಪನಿಂಗ್‌ನಿಂದ, ಅಂದರೆ ಆಟದ ಮೊದಲ ನಡೆಗಳಿಂದ, ಸೋತ ಆಟ ಹುಡುಕಿದರೂ ಸಿಗಲಿಲ್ಲ. ಅದಕ್ಕೆಂದೇ ವಿಡಿಯೋ ನೋಡಿ ಎಷ್ಟು ರಾತ್ರಿ ಕಳೆದಿದ್ದೆ! ಪುಟ ಪುಟದಲ್ಲೂ ಒಂದೇ ಮಾತು: 'ಒಂಟೆ ಸುಮ್ನೆ ಹೋಯ್ತು', 'ಅವನ ಕುದುರೆ ನೋಡಲಿಲ್ಲ'.

ಇದಕ್ಕೆ ಔಷಧಿ ಸಿಕ್ಕಿದ್ದು ನನ್ನ ಕೆಲಸದಲ್ಲೇ. ಲಾರಿ ಕಾಟಾ ಏರಿದ ತಕ್ಷಣ ಅಂಕಿ ಕುಣಿಯುತ್ತಿರುತ್ತದೆ. ಅದು ನಿಲ್ಲುವ ತನಕ ತೂಕ ಬರೆಯಬಾರದು. ಅವಸರದಲ್ಲಿ ಬರೆದರೆ ರೈತನಿಗೋ ಮಿಲ್ಲಿಗೋ ನಷ್ಟ. ಬೋರ್ಡಿನ ಮುಂದೆಯೂ ಹಾಗೇ ಮಾಡಿದೆ. ನಡೆ ಹೊಳೆದರೂ ಬೆರಳು ಹಿಂದಕ್ಕೆ. ಅವನು ಎಲ್ಲಿ ಚೆಕ್ ಕೊಡಬಹುದು, ಏನು ಹೊಡೆಯಬಹುದು, ಮುಂದೆ ಏನು ಮಾಡಬೇಕಂತಿದ್ದಾನೆ — ಇಷ್ಟು ನೋಡಿ, ಆಮೇಲೆ ಮುಟ್ಟುವುದು. ಜೊತೆಗೆ ದಿನಕ್ಕೆ ಹತ್ತು ಪಝಲ್, ಉತ್ತರ ಪೂರ್ತಿ ಕಾಣುವ ತನಕ ಕೈ ಹಚ್ಚದೆ. ಒಂದು ವರ್ಷದಲ್ಲಿ 1600 ದಾಟಿದೆ.

2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಚಾಂಪಿಯನ್ ಆಗಿದ್ದ ಚೀನಾದ ಡಿಂಗ್ ಲಿರೆನ್ ತಪ್ಪಿ ಆನೆಯನ್ನು ಎಫ್2ಕ್ಕೆ ತಂದರು. ನಮ್ಮ ಗುಕೇಶ್ ಆ ಆನೆ ಹೊಡೆದರು, ಒಂಟೆಗಳೂ ಬದಲಾಗುವುದು ಖಚಿತವಾಯಿತು. ಕೊನೆಗೆ ಉಳಿಯುವುದು ರಾಜರು, ಗುಕೇಶ್ ಅವರ ಎರಡು ಸಿಪಾಯಿ, ಡಿಂಗ್ ಅವರ ಒಂದು. ಮಿಲ್ಲಿನ ಹಮಾಲರು ಸುತ್ತ ನಿಂತು, 'ಏನಾಯ್ತ್ರೀ ಅಣ್ಣ, ಇನ್ನೂ ಆಟ ಐತಲ್ಲ?' ಅಂದರು. ಅದು ಮುಗಿದ ಆಟ ಅಂತ ನನಗೆ ಕಾಣುತ್ತಿತ್ತು. ಯಾರೂ ಹೇಳಿಕೊಡದೆ ಕಾಣುತ್ತಿತ್ತು. ಹದಿನೆಂಟು ವರ್ಷದ ಆ ಹುಡುಗ ಗೆದ್ದು ಅಳುವಾಗ ನನ್ನ ಕಣ್ಣೂ ತುಂಬಿತು.

ಈಗ ಆನೆಗಳ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಆಟ, ಹಿಡಿದಿದ್ದೇನೆ. ಎದುರಾಳಿಗೆ ಆನೆ ಜೊತೆ ಒಂದು ಸಿಪಾಯಿ ಜಾಸ್ತಿ ಇದ್ದಾಗ ಡ್ರಾ ಉಳಿಸುವ ಫಿಲಿಡಾರ್ ಪಟ್ಟು. ನಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ಆನೆ ಇಟ್ಟು ಅವನ ರಾಜನನ್ನು ತಡೆಯಬೇಕು. ಸಿಪಾಯಿ ಆ ಸಾಲಿಗೆ ಬಂದ ಕೂಡಲೇ ಆನೆಯನ್ನು ದೂರ ಒಯ್ದು ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಓದುವಾಗ ಸಲೀಸು. ಮೊನ್ನೆ ಆಟದಲ್ಲಿ ಒಂದು ನಡೆ ಮೊದಲೇ ಆನೆ ಎತ್ತಿಬಿಟ್ಟೆ. ನೋಟ್‌ಬುಕ್ಕಿನಲ್ಲಿ ಬರೆದಾಗಿದೆ. ಇವತ್ತು ರಾತ್ರಿ ಪಾಳಿ ಇದೆ, ಅದನ್ನೇ ಮತ್ತೆ ಇಟ್ಟು ನೋಡಬೇಕು.