ಎಲೆ ಹಣ್ಣಾಗುವ ಮೊದಲ ದಿನ: ಪುಣೆಯಲ್ಲಿ ನನ್ನ ನಾಲ್ಕು ಚಳಿಗಾಲ

ಕಳೆದ ಜನವರಿಯಲ್ಲಿ ನಮ್ಮ ಸೊಸೈಟಿಯ ಬಾದಾಮಿ ಮರದಲ್ಲಿ ಯಾವ ಎಲೆ ಮೊದಲು ಕೆಂಪಾಗುತ್ತದೆ ಎಂಬುದನ್ನು ನಾನು ಐದು ದಿನ ಮುಂಚಿತವಾಗಿ ಹೇಳಿದೆ, ಹೇಳಿದ ಎಲೆಯೇ ಕೆಂಪಾಯಿತು. ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ಬೆಳಗಿನ ವಾಕಿಂಗ್‌ಗೆ ಬರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಮೂರು ವರ್ಷ ಇದನ್ನು ಯಾರೂ ನಂಬಿರಲಿಲ್ಲ. 'ಎಲಿ ಬಣ್ಣ ನೋಡಬೇಕಂದ್ರ ಕಾಶ್ಮೀರಕ್ಕ ಹೋಗ್ರೀ ಸರ್, ಈ ಪುಣೇದಾಗ ಏನ್ ನೋಡ್ತೀರಿ' ಎಂದು ವಿಜಯಪುರದ ಹಿರಿಯರೊಬ್ಬರು ಪ್ರತಿ ಚಳಿಗಾಲವೂ ಹೇಳುತ್ತಿದ್ದರು. ಈ ಸಲ ಅವರೇ ಎರಡು ಮಹಡಿ ಹತ್ತಿ ಬಂದು ಎಲೆಯನ್ನು ನೋಡಿ ಹೋದದ್ದರಿಂದ, ಮಾಡಿದ್ದನ್ನೆಲ್ಲ ಒಂದೆಡೆ ಬರೆದಿಡುವ ಧೈರ್ಯ ಬಂದಿದೆ.

ಕಾಲದ ಲೆಕ್ಕದಲ್ಲಿ ತಪ್ಪುವವರು ಬಹಳ. ಅಕ್ಟೋಬರ್ ಕೊನೆಯಲ್ಲಿ ಬಣ್ಣ ಹುಡುಕುವವರು ಕಾಶ್ಮೀರದ ಚಿನಾರ್ ಮರದ ಲೆಕ್ಕವನ್ನು ಇಲ್ಲಿಗೆ ತರುತ್ತಾರೆ. ನಮ್ಮ ಪಂಚಾಂಗ ಎಲೆ ಉದುರುವ ಕಾಲವನ್ನು ಶಿಶಿರವೆಂದು ಮಾಘ, ಫಾಲ್ಗುಣಗಳಲ್ಲಿ ಇಟ್ಟಿದೆ, ಪುಣೆಯ ಬಾದಾಮಿ ಮರವೂ ಹೆಚ್ಚುಕಡಿಮೆ ಅದನ್ನೇ ಪಾಲಿಸುತ್ತದೆ. ಮಾರ್ಚ್‌ನಲ್ಲಿ ಇಲ್ಲಿಯವರು ಕೋಶಿಂಬ ಎನ್ನುವ ಮರ ಕೆಂಪಾಗುವುದನ್ನು ಕಂಡು ಕೆಲವರು ಅದನ್ನೂ ಇದಕ್ಕೆ ಸೇರಿಸುತ್ತಾರೆ. ಅದು ಚಿಗುರಿನ ಕೆಂಪು, ಹಣ್ಣೆಲೆಯ ಕೆಂಪಲ್ಲ.

ಮೊದಲ ವರ್ಷ ಇಡೀ ಮರವನ್ನು ನೋಡುತ್ತ ಕುಳಿತದ್ದು ನನ್ನ ದೊಡ್ಡ ತಪ್ಪು. ಮರಗಳ ಎಲೆ, ಹೂ, ಹಣ್ಣಿನ ಬದಲಾವಣೆಯನ್ನು ಸಾಮಾನ್ಯ ಜನರಿಂದಲೇ ದಾಖಲಿಸುವ ಸೀಸನ್‌ವಾಚ್‌ನವರ ಮಾದರಿಯಲ್ಲಿ ವಾರಕ್ಕೊಮ್ಮೆ ಗುರುತು ಹಾಕಿಕೊಳ್ಳುತ್ತಿದ್ದೆ. ಒಂದು ಊರಿನ ಮರಗಳ ಋತುಚಕ್ರ ತಿಳಿಯಲು ಆ ಪದ್ಧತಿ ಬಹಳ ಒಳ್ಳೆಯದು, ಆದರೆ ಬಣ್ಣದ ಆರಂಭವನ್ನೇ ಹಿಡಿಯಬೇಕೆಂದರೆ ವಾರ ಎಂಬುದು ದೊಡ್ಡ ಅಂತರ. 'ಮೊದಲ ಕೆಂಪು' ಎಂದು ನಾನು ಬರೆದುಕೊಂಡ ದಿನ ಮರದ ಕೆಳಗೆ ಹತ್ತಿಪ್ಪತ್ತು ಕೆಂಪೆಲೆಗಳು ಆಗಲೇ ಬಿದ್ದಿದ್ದವು.

ಎರಡನೆಯ ವರ್ಷ ಹಣ ಹೋಯಿತು. ಫೋನಿಗೆ ಸಿಕ್ಕಿಸುವ ಲೆನ್ಸಿಗೆ ಸುಮಾರು 1,200 ರೂಪಾಯಿ, ಟ್ರೈಪಾಡಿಗೆ ಎರಡು ಸಾವಿರದ ಆಸುಪಾಸು, ಕೊನೆಗೆ ಹಳೆಯ ಕ್ಯಾಮೆರಾ ಒಂದಕ್ಕೆ ಹದಿನಾಲ್ಕೋ ಹದಿನೈದೋ ಸಾವಿರ ಕೊಟ್ಟೆ. ಎರಡು ತಿಂಗಳ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದೇ ಎಲೆ ಸೋಮವಾರ ಹಳದಿ, ಮಂಗಳವಾರ ಹಸಿರು, ಬುಧವಾರ ಮತ್ತೆ ಹಳದಿಯಾಗಿ ಕಾಣುತ್ತಿತ್ತು. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಪ್ರತಿದಿನದ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಿದ್ದುತ್ತಿದ್ದುದು ನನಗೆ ಹೊಳೆಯುವ ಹೊತ್ತಿಗೆ ಮರ ಬೋಳಾಗಿ ಚಿಗುರತೊಡಗಿತ್ತು.

ಮೂರನೆಯ ವರ್ಷ ಎಲೆಗಳಿಗೇ ಗುರುತು ಕಟ್ಟಿದೆ. ತೊಟ್ಟಿಗೆ ಬಿಳಿ ದಾರ, ದಾರಕ್ಕೆ ಸಂಖ್ಯೆ ಬರೆದ ಕಾಗದದ ಚೀಟಿ. ಆಲೋಚನೆ ಸರಿಯಾಗಿತ್ತು, ಚೀಟಿ ಸರಿಯಿರಲಿಲ್ಲ. ಗಾಳಿ ಮತ್ತು ಇಬ್ಬನಿಗೆ ಅರ್ಧದಷ್ಟು ಹರಿದುಹೋದವು. ಉಳಿದವನ್ನು, ಜನವರಿ ಮೊದಲ ವಾರದಲ್ಲಿ ಕೊಂಬೆ ಸವರಲು ಬಂದ ಗುತ್ತಿಗೆಯವರು ಕೊಂಬೆಯ ಸಮೇತ ಕಡಿದು ಹಾಕಿದರು. ಆ ದಿನ ಸಂಜೆ ಕಡಿದ ಕೊಂಬೆಗಳ ರಾಶಿಯಲ್ಲಿ ನನ್ನ ದಾರಗಳನ್ನು ಹುಡುಕುತ್ತ ನಿಂತಾಗ ಆದ ಸಂಕಟ ಇಂದಿಗೂ ಕಡಿಮೆಯಾಗಿಲ್ಲ.

ನಾಲ್ಕನೆಯ ವರ್ಷ ಖರ್ಚು ನೂರು ರೂಪಾಯಿಯನ್ನೂ ದಾಟಲಿಲ್ಲ. ಬಣ್ಣಬಣ್ಣದ ಹೊಲಿಗೆ ದಾರದ ಉಂಡೆಗಳು, ಒಂದು ನೋಟುಪುಸ್ತಕ, ಪೇಂಟ್ ಅಂಗಡಿಯಲ್ಲಿ ಕೇಳಿ ಪಡೆದ, ಒಂದೊಂದು ಬಣ್ಣಕ್ಕೂ ಸಂಖ್ಯೆಯಿರುವ ಶೇಡ್ ಕಾರ್ಡ್. ಚೀಟಿಯ ಬದಲು ದಾರದ ಬಣ್ಣ ಮತ್ತು ಗಂಟುಗಳ ಎಣಿಕೆಯೇ ಸಂಖ್ಯೆಯಾಯಿತು. ಮೆಟ್ಟಿಲ ಕಿಟಕಿಯಿಂದ ಕೈಗೆಟುಕುವ ಕೊಂಬೆಯಲ್ಲಿ ನಲವತ್ತು ಎಲೆಗಳನ್ನು ಆರಿಸಿ, ಕಾರ್ಯದರ್ಶಿಗಳಿಂದ ಆ ಕೊಂಬೆಯನ್ನು ಫೆಬ್ರವರಿ ಮುಗಿಯುವವರೆಗೆ ಮುಟ್ಟುವುದಿಲ್ಲವೆಂದು ಬರೆಸಿಕೊಂಡೆ.

ಫಲ ಕೊಟ್ಟದ್ದು ನೋಡುವ ರೀತಿ. ಅಲ್ಲಿಯವರೆಗೆ ಎಲೆಯ ಮುಖವನ್ನು ನೋಡುತ್ತಿದ್ದೆ. ಈ ಸಲ ಎಲೆಯ ಮೂಲಕ ನೋಡಿದೆ. ಕಿಟಕಿ ಪೂರ್ವಕ್ಕಿದೆ, ಬೆಳಿಗ್ಗೆ ಎಂಟರ ಸುಮಾರಿಗೆ ಸೂರ್ಯ ಎಲೆಗಳ ಹಿಂದಿರುತ್ತಾನೆ. ಮೇಲಿನಿಂದ ನೋಡಿದರೆ ದಟ್ಟ ಹಸಿರಾಗಿ, ದಪ್ಪ ಚರ್ಮದಂತಿರುವ ಎಲೆ, ಬೆಳಕಿಗೆ ಎದುರಾಗಿ ಕಂಡಾಗ ನರನರಗಳ ನಡುವೆ ತೆಳುವಾಗಿರುವುದು ತಿಳಿಯುತ್ತದೆ. ನಡುನರದ ಅಕ್ಕಪಕ್ಕದ ಹಸಿರು ಕೊನೆಯವರೆಗೆ ಗಟ್ಟಿಯಾಗಿ ನಿಲ್ಲುತ್ತದೆ. ನರಗಳ ಮಧ್ಯದ ಜಾಗ ಮೊದಲು ಸಡಿಲಗೊಂಡು, ಹಳೆಯ ಸೀರೆಯ ಸವೆದ ಭಾಗದಂತೆ ಬೆಳಕನ್ನು ಒಳಗೆ ಬಿಡುತ್ತದೆ. ಈ ಸವೆತ ಕಂಡ ನಾಲ್ಕೈದು ದಿನಗಳ ನಂತರ ಮೇಲ್ಭಾಗದಲ್ಲಿ ಕೆಂಪು ಕಾಣಿಸಿಕೊಳ್ಳುತ್ತದೆ. ಶೇಡ್ ಕಾರ್ಡಿನ ಪಟ್ಟಿಯನ್ನು ಎಲೆಯ ಪಕ್ಕದಲ್ಲಿ ಹಿಡಿದು ಪ್ರತಿದಿನ ಅದರ ಸಂಖ್ಯೆಯನ್ನೇ ಬರೆದಿಟ್ಟದ್ದರಿಂದ ಕಣ್ಣಿನ ಭ್ರಮೆಗೂ ಕ್ಯಾಮೆರಾದ ತಿದ್ದುಪಡಿಗೂ ಅವಕಾಶವಿರಲಿಲ್ಲ. ನಲವತ್ತರಲ್ಲಿ ಮೂವತ್ತಕ್ಕಿಂತ ಹೆಚ್ಚು ಎಲೆಗಳ ವಿಷಯದಲ್ಲಿ ನನ್ನ ಅಂದಾಜು ಒಂದೆರಡು ದಿನಗಳ ಒಳಗೇ ಬಿತ್ತು. ಕಣ್ಣಂದಾಜಿನಿಂದ ಇಷ್ಟು ಹತ್ತಿರ ಬಂದವರನ್ನು ನಾನು ಇನ್ನೂ ಕಂಡಿಲ್ಲ.

ಬಾದಾಮಿಯ ಎಲೆಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿರುತ್ತವೆ, ಕೆಳಗಿನ ಹಳೆಯ ಎಲೆಯೇ ಮೊದಲು ಹಣ್ಣಾಗುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದು. ಆದರೆ ಅನೇಕ ಗೊಂಚಲುಗಳಲ್ಲಿ ಯಾವುದು ಮುಂದಾಗುತ್ತದೆ ಎಂಬುದಕ್ಕೆ ತೊಟ್ಟಿನ ಬಳಿ ಒಂದು ಗುರುತಿದೆ. ಅದನ್ನು ಇನ್ನೊಂದು ಚಳಿಗಾಲ ಪರೀಕ್ಷಿಸುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದರ ನಡುವೆ ಒಂದೆರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಹಸಿರು ತೆಳುವಾಗತೊಡಗಿದ ಎಲೆಯೊಂದರ ಮೇಲೆ ಅಂಚೆಚೀಟಿಯಷ್ಟು ಕಪ್ಪು ಕಾಗದವನ್ನು ಅಂಟಿಸಿ, ಸುಮಾರು ಹನ್ನೆರಡು ದಿನ ಬಿಟ್ಟು ತೆಗೆದೆ. ಸುತ್ತಲೂ ಇಟ್ಟಿಗೆಯ ಕೆಂಪು, ಮಧ್ಯದಲ್ಲಿ ಅಂಚು ಕತ್ತರಿಸಿದಂತೆ ಹಳದಿ ಚೌಕ. ಹಳದಿ ಮೊದಲಿನಿಂದಲೂ ಎಲೆಯೊಳಗೇ ಅಡಗಿದ್ದು ಹಸಿರು ಹೋದಾಗ ಹೊರಬರುತ್ತದೆ. ಕೆಂಪನ್ನು ಎಲೆ ಕೊನೆಗಾಲದಲ್ಲಿ ಹೊಸದಾಗಿ ತಯಾರಿಸುತ್ತದೆ, ಅದಕ್ಕೆ ಬೆಳಕು ಬೇಕು. ಓದಿ ತಿಳಿದಿದ್ದ ಈ ಸಂಗತಿಯನ್ನು ಅಂಗೈ ಮೇಲೆ ಕಂಡಾಗ ಆದ ಸಂತೋಷ ಬೇರೆಯೇ. ಇನ್ನೊಮ್ಮೆ ಕೆಂಪೆಲೆಗಳನ್ನು ಜಜ್ಜಿ ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೀರಿಗೆ ನಿಂಬೆರಸ ಹಿಂಡಿದರೆ ಬಣ್ಣ ಕೆಂಪಿಗೆ ತಿರುಗಿತು, ಅಡುಗೆ ಸೋಡಾ ಹಾಕಿದರೆ ಕಂದುಮಿಶ್ರಿತ ಹಸಿರಾಯಿತು. ಉದುರಿದ ಒಣ ಎಲೆಗಳನ್ನು ಮೀನು ಸಾಕುವ ಪಕ್ಕದ ಮನೆಯ ಹುಡುಗ ತೊಳೆದು ಮೀನಿನ ತೊಟ್ಟಿಗೆ ಹಾಕಲು ಒಯ್ದ. ನೀರು ಚಹಾದ ಬಣ್ಣಕ್ಕೆ ಬಂದಿತೆಂದು ಹೇಳಿದ.

ಬಾದಾಮಿ ಮರ ವರ್ಷದಲ್ಲಿ ಎರಡು ಸಲ ಎಲೆ ಬದಲಿಸುವುದರಿಂದ ಮಳೆಗಾಲದ ಸರದಿಯಲ್ಲೂ ದಾರ ಕಟ್ಟಿ ನೋಡಿದೆ. ಮೋಡದ ಬೆಳಕಿನಲ್ಲಿ ನನ್ನ ಪದ್ಧತಿ ನಡೆಯಲಿಲ್ಲ, ಕೆಂಪೂ ಚಳಿಗಾಲದಷ್ಟು ಗಾಢವಾಗಲಿಲ್ಲ.

ಈಗ ಗೇಟಿನ ಬಳಿಯ ಹೊಳೆದಾಸವಾಳವನ್ನು ಹಿಡಿದಿದ್ದೇನೆ. ಇಲ್ಲಿಯವರು ತಾಮಣ ಎಂದು ಕರೆಯುವ, ಮಹಾರಾಷ್ಟ್ರದ ರಾಜ್ಯಪುಷ್ಪ ಬಿಡುವ ಮರ ಅದು. ಎಲೆ ಬಾದಾಮಿಗಿಂತ ತೆಳು, ಆದ್ದರಿಂದ ಸವೆತಕ್ಕೂ ಕೆಂಪಿಗೂ ನಡುವಿನ ದಿನಗಳು ಬೇರೆಯಾಗಬಹುದು. ಇಪ್ಪತ್ತು ಎಲೆಗಳಿಗೆ ನೀಲಿ ದಾರ ಕಟ್ಟಿ ಮುಗಿದಿದೆ, ವಿಜಯಪುರದ ಹಿರಿಯರು ತಾವಾಗಿಯೇ ಐದು ಎಲೆಗಳ ಜವಾಬ್ದಾರಿ ವಹಿಸಿಕೊಂಡಿದ್ದಾರೆ.