ಅಯೋವಾ ಕಾಕಸ್‌ನಲ್ಲಿ ನಮ್ಮ ಮನೆಯ ಮೂವರು, ಮೂರು ಮೂಲೆ

ತಿಪಟೂರಿನ ನಮ್ಮ ಮನೆಯಲ್ಲಿ ಅಪ್ಪ ಯಾರಿಗೆ ಓಟು ಹಾಕ್ತಾರೆ ಅಂತ ಅಮ್ಮನಿಗೂ ಗೊತ್ತಿರಲಿಲ್ಲ. ಕೇಳಿದರೆ ಬೆರಳಿನ ಶಾಯಿ ತೋರಿಸಿ ಸುಮ್ಮನಾಗುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನು ನಾನು. 2020ರ ಫೆಬ್ರವರಿ 3ರ ಸಂಜೆ, ಅಮೆರಿಕದ ಅಯೋವಾ ರಾಜ್ಯದ ವೆಸ್ಟ್ ಡಿ ಮೊಯ್ನ್ ಊರಿನ ಒಂದು ಶಾಲೆಯ ಊಟದ ಹಾಲ್‌ನಲ್ಲಿ, ಅಕ್ಕಪಕ್ಕದ ಮನೆಯವರೆಲ್ಲ ನೋಡುತ್ತಿರುವಾಗ, 'ನಾನು ಇವರ ಕಡೆ' ಅಂತ ಹೋಗಿ ಒಂದು ಮೂಲೆಯಲ್ಲಿ ನಿಂತೆ. ಸ್ವಲ್ಪ ಮುಜುಗರ ಆಯಿತು, ಸುಳ್ಳು ಹೇಳಲ್ಲ.

ಅಮೆರಿಕದ ಪೌರತ್ವ ಸಿಕ್ಕಿದ್ದು ಅದರ ಹಿಂದಿನ ವರ್ಷ. ಹಾಗಾಗಿ ಅದೇ ನನ್ನ ಮೊದಲ ಕಾಕಸ್, ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಅಂತ ಜನ ಒಬ್ಬೊಬ್ಬ ಆಕಾಂಕ್ಷಿಯ ಪರ ಗುಂಪಾಗಿ ನಿಂತು ಹೇಳುವ ಸಭೆ. ಇದನ್ನು ನಡೆಸುವುದು ಸರ್ಕಾರವಲ್ಲ, ಪಕ್ಷ. ನಮ್ಮದು ಡೆಮಾಕ್ರಟಿಕ್ ಪಕ್ಷದ ಸಭೆ. ಮತಗಟ್ಟೆ ಇಲ್ಲ, ಪರದೆ ಇಲ್ಲ. ಪ್ರತಿ ಪ್ರಿಸಿಂಕ್ಟ್‌ಗೆ, ಅಂದರೆ ನಮ್ಮಲ್ಲಿ ಒಂದು ಬೂತ್‌ಗೆ ಸೇರಿದ ಬೀದಿಗಳಿರುತ್ತವಲ್ಲ ಹಾಗೆ, ಒಂದೊಂದು ಸಭೆ. ಎಲ್ಲ ಕಡೆ ರಾತ್ರಿ ಏಳಕ್ಕೇ ಶುರು. ಏಳರೊಳಗೆ ಕನಿಷ್ಠ ಸಾಲಿನಲ್ಲಾದರೂ ನಿಂತಿರಬೇಕು. ಹೆಸರು ನೋಂದಾಯಿಸದೆ ಇದ್ದರೂ ಚಿಂತೆ ಇಲ್ಲ, ಬಾಗಿಲಲ್ಲೇ ಮಾಡಿಕೊಡುತ್ತಾರೆ. ನನ್ನ ಮಗಳಿಗೆ ಆಗ ಹದಿನೇಳು. ನವೆಂಬರ್ ಚುನಾವಣೆ ಹೊತ್ತಿಗೆ ಹದಿನೆಂಟು ತುಂಬುತ್ತಿತ್ತು, ಅಷ್ಟು ಸಾಕು. ಅವಳೂ ಫಾರಂ ತುಂಬಿ ಒಳಗೆ ಬಂದಳು.

ಒಳಗೆ ಹೋಗುತ್ತಲೇ ಮೂವರೂ ಬೇರೆಯಾದೆವು. ಮಗಳು ಬರ್ನಿ ಸ್ಯಾಂಡರ್ಸ್ ಮೂಲೆಗೆ ಓಡಿದಳು. ಹೆಂಡತಿ ಎಲಿಜಬೆತ್ ವಾರನ್ ಕಡೆ. ನಾನು ಆಂಡ್ರ್ಯೂ ಯಾಂಗ್ ಮೂಲೆಗೆ ಹೋದೆ. ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ ಸಾವಿರ ಡಾಲರ್ ಅನ್ನುವ ಅವರ ಮಾತು ನಡೆಯುತ್ತೋ ಇಲ್ವೋ ಬೇರೆ ವಿಷಯ. ಯಂತ್ರಗಳು ಕೆಲಸ ಕಿತ್ತುಕೊಳ್ಳುತ್ತವೆ ಅಂತ ಎದುರಿಗೇ ಹೇಳುತ್ತಿದ್ದರು, ಸಾಫ್ಟ್‌ವೇರ್‌ನವನಾದ ನನಗೆ ಅದು ನಾಟಿತ್ತು.

ಎಣಿಕೆ ಶಾಲೆಯ ಡ್ರಿಲ್ ಕ್ಲಾಸಿನ ಥರ. ಸಾಲಾಗಿ ನಿಂತು ಒಂದು, ಎರಡು, ಮೂರು ಅಂತ ಕೂಗುತ್ತಾ ಹೋಗಬೇಕು. ನನ್ನದು ಹನ್ನೊಂದು. ಕೊನೆಯಲ್ಲಿ ನಿಂತಿದ್ದ ಹುಡುಗ 'ಹತ್ತೊಂಬತ್ತು' ಅಂದ. ಅಲ್ಲಿಗೆ ನಮ್ಮ ಕಥೆ ಮುಗಿಯಿತು.

ಯಾಕೆಂದರೆ ಹಾಲ್‌ನಲ್ಲಿದ್ದವರು 212 ಜನ. ಗುಂಪು ಉಳಿಯಬೇಕಾದರೆ ಶೇಕಡಾ 15 ಬೇಕು, ಅಂದರೆ 32 ತಲೆ. ಪೀಟ್ ಬುಟಿಜೆಜ್ 56, ಸ್ಯಾಂಡರ್ಸ್ 47, ವಾರನ್ 41. ಈ ಮೂವರು ಪಾಸು. ಏಮಿ ಕ್ಲೋಬುಚಾರ್ 27, ಜೋ ಬೈಡನ್ 22, ನಾವು 19. ನಾವು ಮೂರು ಗುಂಪು ಫೇಲು.

ಪಾಸಾದ ಗುಂಪಿನವರು ಆಮೇಲೆ ಜಾಗ ಬದಲಿಸುವಂತಿಲ್ಲ. ಕೈಯಲ್ಲಿ ಒಂದು ಕಾರ್ಡ್ ಕೊಟ್ಟಿರುತ್ತಾರೆ, ಅದರಲ್ಲಿ ಹೆಸರು ಬರೆದು ಸಹಿ ಹಾಕಿ ಕೊಟ್ಟರೆ ಮನೆಗೂ ಹೋಗಬಹುದು. ಫೇಲಾದವರು ಕಾರ್ಡಿನ ಹಿಂಬದಿಯಲ್ಲಿ ಎರಡನೇ ಆಯ್ಕೆ ಬರೆಯಬೇಕು. ನಾನು ಮೊದಲ ಆಯ್ಕೆಯ ಬಗ್ಗೆ ತಿಂಗಳುಗಟ್ಟಲೆ ಓದಿದ್ದೆ. ಎರಡನೆಯದರ ಬಗ್ಗೆ ಹತ್ತು ನಿಮಿಷವೂ ಯೋಚಿಸಿರಲಿಲ್ಲ. ಕಾಕಸ್‌ನ ನಿಜವಾದ ವ್ಯಾಪಾರ ಇರುವುದೇ ಅಲ್ಲಿ.

ಆ ಕಾಲು ಗಂಟೆ ಸಂತೆಯೇ ಸರಿ. ನಾಲ್ಕೂ ಕಡೆಯಿಂದ ಜನ ನಮ್ಮ ಮೂಲೆಗೆ ನುಗ್ಗಿದರು. ಒಬ್ಬರು ಬಿಸ್ಕತ್ತಿನ ತಟ್ಟೆ ಹಿಡಿದು ಬಂದರು. ಹೆಂಡತಿಯೂ ಬಂದಳು. "ರೀ, ಈಗಾದ್ರೂ ಈ ಕಡೆ ಬನ್ನಿ" ಅಂದಳು. ಅಷ್ಟರಲ್ಲಿ ನಮ್ಮ ಬೀದಿಯ ನಿವೃತ್ತ ಟೀಚರ್ ಒಬ್ಬರು ಮೊಣಕೈ ಹಿಡಿದರು. ಕ್ಲೋಬುಚಾರ್ ಗುಂಪಿನ ಕ್ಯಾಪ್ಟನ್ ಅವರೇ. ಪಕ್ಷ, ಸಿದ್ಧಾಂತ ಏನೂ ಮಾತಾಡಲಿಲ್ಲ. ಪೆನ್ನು ತೆಗೆದು ಕಾಗದದ ತಟ್ಟೆಯ ಹಿಂದೆ ಲೆಕ್ಕ ಬರೆದರು.

ನಮ್ಮ ಪ್ರಿಸಿಂಕ್ಟ್‌ಗೆ ಇದ್ದದ್ದು ಒಂಬತ್ತು ಡೆಲಿಗೇಟ್, ಅಂದರೆ ಮುಂದಿನ ಹಂತದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು. ಗುಂಪಿನ ಜನರನ್ನು ಒಂಬತ್ತರಿಂದ ಗುಣಿಸಿ 212ರಿಂದ ಭಾಗಿಸಬೇಕು. ವಾರನ್‌ಗೆ 41 ಜನ ಅಂದರೆ 1.74, ಹತ್ತಿರದ ಸಂಖ್ಯೆ ಎರಡು. ನಾನು ಸೇರಿ 42 ಆದರೂ ಎರಡೇ. ಆದರೆ ಕ್ಲೋಬುಚಾರ್ 31ರಲ್ಲಿ ನಿಂತರೆ ಸೊನ್ನೆ, 32 ಆದರೆ ಒಂದು, 36 ಆದರೆ ಎರಡು. "ನಿಮ್ಮ ಹೆಜ್ಜೆಗೆ ಅಲ್ಲಿ ಬೆಲೆ ಇಲ್ಲ, ಇಲ್ಲಿ ಇದೆ" ಅಂದರು ಟೀಚರ್. ಅವರು ಏನು ಪಾಠ ಮಾಡುತ್ತಿದ್ದರೋ ನಾನು ಕೇಳಿಲ್ಲ, ಗಣಿತವೇ ಇರಬೇಕು. ನಾನು ಹೆಂಡತಿಯ ಮುಖ ನೋಡದೆ ಆ ಕಡೆ ನಡೆದೆ.

ಬೈಡನ್ ಗುಂಪಿನ 14 ಜನ ನಮ್ಮ ಜೊತೆ ಬಂದರು, ಯಾಂಗ್ ಗುಂಪಿನಿಂದ ನನ್ನನ್ನೂ ಸೇರಿಸಿ ನಾಲ್ವರು. ಒಟ್ಟು 45, ಎರಡು ಡೆಲಿಗೇಟ್. ಬುಟಿಜೆಜ್‌ಗೆ ಮೂರು, ಸ್ಯಾಂಡರ್ಸ್‌ಗೆ ಎರಡು, ವಾರನ್‌ಗೆ ಎರಡು. ಮುಂದೆ ಅಧ್ಯಕ್ಷರಾದ ಬೈಡನ್‌ಗೆ ನಮ್ಮ ಹಾಲ್‌ನಲ್ಲಿ ಸಿಕ್ಕಿದ್ದು ಸೊನ್ನೆ.

ಆಮೇಲೆ ಮುಕ್ಕಾಲು ಪಾಲು ಜನ ಜಾಗ ಖಾಲಿ ಮಾಡಿದರು. ಹೊಸಬರು ಮಾಡುವ ತಪ್ಪು ಇದೇ ಅಂತ ನನಗನಿಸುತ್ತೆ, ಸಭೆ ಇನ್ನೂ ಮುಗಿದಿರುವುದಿಲ್ಲ. ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಥರದ್ದು, ಅದರ ಸಮಾವೇಶಕ್ಕೆ ಯಾರು ಡೆಲಿಗೇಟ್ ಅಂತ ಆರಿಸಬೇಕು. ನಮ್ಮ ಗುಂಪಿನಲ್ಲಿ ಟೀಚರ್ ಕೈ ಎತ್ತಿದರು, ಇನ್ನೊಬ್ಬರು ಬೇಕಿತ್ತು, ಎಲ್ಲರೂ ಬೂಟು ನೋಡುತ್ತಾ ನಿಂತರು. ನಾನು ಕೈ ಎತ್ತಿದೆ. ಅಷ್ಟೇ, ಆಯ್ಕೆ ಆಗಿಹೋದೆ. ಪಕ್ಷದ ನೀತಿಗಳ ಪಟ್ಟಿಗೆ ಸೇರಿಸಿ ಅಂತ ಯಾರು ಬೇಕಾದರೂ ನಿರ್ಣಯವನ್ನೂ ಕೊಡಬಹುದು. ನಾನು ಮನೆಯಿಂದ ಅರ್ಧ ಪುಟ ಬರೆದು ತಂದಿದ್ದೆ. ಉದ್ಯೋಗದ ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇದೆ, ಅದನ್ನು ತೆಗೆಯಬೇಕು ಅಂತ. ಓದಿದೆ. ಉಳಿದಿದ್ದ ಮೂವತ್ತು ಜನರಲ್ಲಿ ಹೆಚ್ಚಿನವರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಒಬ್ಬರು ಎರಡು ಪ್ರಶ್ನೆ ಕೇಳಿದರು. 'ಹೌದು ಅನ್ನುವವರು' ಅಂದಾಗ ದನಿ ಜೋರಾಗೇ ಬಂತು.

ಹೊರಡುವಾಗ ಸಭೆ ನಡೆಸಿದವರು ಇನ್ನೂ ಫೋನ್ ಕಿವಿಗಿಟ್ಟುಕೊಂಡು ಕೂತಿದ್ದರು. ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟಿತ್ತು, ಫೋನ್ ಲೈನ್ ಸಿಗುತ್ತಿರಲಿಲ್ಲ. ನಮ್ಮ ಹಾಲ್‌ನ ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿತ್ತು, ಗುಂಪಿನ ಕ್ಯಾಪ್ಟನ್‌ಗಳ ಸಹಿಯೂ ಇತ್ತು. ಟಿವಿಯಲ್ಲಿ ಮಾತ್ರ ರಾತ್ರಿಯೆಲ್ಲ ಸೊನ್ನೆ. ಕೌಂಟಿ ಸಮಾವೇಶ ಮಾರ್ಚ್‌ನಲ್ಲಿತ್ತು, ಕೊರೋನಾ ಬಂದು ಅದೂ ಮುಂದಕ್ಕೆ ಹೋಯಿತು.

ಈಗ ಅದೆಲ್ಲ ಇಲ್ಲ. 2024ರಲ್ಲಿ ಡೆಮಾಕ್ರಟರು ಅಧ್ಯಕ್ಷರ ಆಯ್ಕೆಯ ಕಾರ್ಡನ್ನು ಅಂಚೆಯಲ್ಲೇ ಕಳಿಸಿದರು. ಜನವರಿ 15ರ ಸಭೆಯಲ್ಲಿ ಬರೀ ಪಕ್ಷದ ಕೆಲಸ. ನಾನು ಮತ್ತು ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಕಾರ್ಡ್ ಇಟ್ಟುಕೊಂಡು ತುಂಬಿದೆವು. ಸ್ವಲ್ಪ ಬಗ್ಗಿ ನೋಡಿದೆ, ಅವಳು ಅಂಗೈ ಅಡ್ಡ ಇಟ್ಟಳು. ಯಾರಿಗೆ ಹಾಕಿದಳು ಅಂತ ಇವತ್ತಿಗೂ ಹೇಳಿಲ್ಲ.